ಕ್ಯಾನ್ಸರಿನ ಟಮಾಕ್ಸಿಫೆನ್ ಮಾತ್ರೆ ನಿಲ್ಲಿಸುವ ಹೊತ್ತಿಗೆ ಚೀಟಿ ಎತ್ತಿದೆ: ದುಡ್ಡು ಹೊಂದಿಸಿದ ನನ್ನ ಅನುಭವ

ಕ್ಯಾನ್ಸರ್ ಆದ ಮೇಲೆ ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ) ಮಗು ಪಡೆಯಲು ನಾನು ಪರ್ಸನಲ್ ಲೋನ್ ತೆಗೆದುಕೊಳ್ಳಲಿಲ್ಲ. ಕ್ಲಿನಿಕ್ಕಿನವರ ಇಎಂಐಗೆ ಸಹಿ ಹಾಕಲಿಲ್ಲ. ಮಾಗಡಿ ರಸ್ತೆ ಕಡೆ ಇರುವ ಸಣ್ಣ ಸೈಟನ್ನೂ ಮಾರಲಿಲ್ಲ. ಭ್ರೂಣ ಫ್ರೀಜ್ ಮಾಡಿಸಿದ್ದರಿಂದ ಹಿಡಿದು ಅದನ್ನು ಗರ್ಭಕ್ಕೆ ಸೇರಿಸುವ ಎರಡನೇ ಟ್ರಾನ್ಸ್‌ಫರ್‌ವರೆಗೆ, ಚಿನ್ನದ ಸಾಲದ ಬಡ್ಡಿಯೂ ಸೇರಿ, ಸುಮಾರು 4.5 ಲಕ್ಷ ಆಯಿತು. ಕ್ಯಾನ್ಸರಿನ ಖರ್ಚು ಇದರಲ್ಲಿ ಇಲ್ಲ, ಅದು ಬೇರೆ ಲೆಕ್ಕ. ನಾನು ರಾಜಾಜಿನಗರದ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುವವಳು, ನಮ್ಮನೆಯವರು ವೈರಿಂಗ್ ಕಂಟ್ರಾಕ್ಟ್ ಮಾಡುತ್ತಾರೆ. ಅಂದರೆ ತಿಂಗಳು ತಿಂಗಳು ಒಂದೇ ಸಮ ಬರುವ ಸಂಬಳ ಒಂದೇ, ಅದೂ ನಂದು, ಕೀಮೋ ಸಮಯದಲ್ಲಿ ಅದೂ ಅರ್ಧ. ಚಿಕಿತ್ಸೆಯನ್ನು ಹೆಚ್ಚು ವಿವರಿಸಲು ಹೋಗಲ್ಲ. ದುಡ್ಡಿನ ಕಥೆ ಮಾತ್ರ ಹೇಳುತ್ತೇನೆ.

ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದ್ದು 2021ರ ಶುರುವಿನಲ್ಲಿ, ಎರಡನೇ ಹಂತ, ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನಿಂದ ಬೆಳೆಯುವಂಥದ್ದು. ಕೀಮೋ ಶುರು ಮಾಡುವುದಕ್ಕೆ ಮುಂಚೆ ಎರಡು ವಾರ ಸಮಯ ಕೊಡುತ್ತೇವೆ, ಫ್ರೀಜ್ ಮಾಡಿಸುವುದಾದರೆ ಈಗಲೇ ಅಂದರು. ಮುಟ್ಟಿಗೆ ಕಾಯುವುದು ಬೇಡ, ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರು ಮಾಡಬಹುದು, ಈಸ್ಟ್ರೊಜೆನ್ (ಹೆಣ್ಣು ಹಾರ್ಮೋನ್) ಏರದ ಹಾಗೆ ಜೊತೆಗೆ ಲೆಟ್ರೊಜೋಲ್ ಮಾತ್ರೆ. ವೈದ್ಯಕೀಯವಾಗಿ ಎಲ್ಲ ಸಲೀಸು. ಆದರೆ ಸುಮಾರು 1.9 ಲಕ್ಷ ಎರಡು ವಾರದೊಳಗೆ ಕಟ್ಟಬೇಕು, ಅದೂ ಕ್ಯಾನ್ಸರ್ ಆಸ್ಪತ್ರೆಯ ಅಡ್ವಾನ್ಸ್ ಕಟ್ಟುವ ವಾರದಲ್ಲೇ.

ಆಗ ಉಳಿದ ದಾರಿ ಚಿನ್ನ. ತವರಿನ ಅವಲಕ್ಕಿ ಸರ, ನಾಲ್ಕು ಬಳೆ, ಅತ್ತೆಯ ಒಂದು ಜೊತೆ ಓಲೆ, ಎಲ್ಲ ಸೇರಿ 60 ಗ್ರಾಂ ಚಿಲ್ಲರೆ. ಗ್ರಾಮಿಗೆ 3,300 ರೂಪಾಯಿಯ ಆಸುಪಾಸು ಕೊಟ್ಟರು, ಒಂದು ಗಂಟೆಯೊಳಗೆ 2 ಲಕ್ಷ ಖಾತೆಗೆ ಬಂತು. ಬಡ್ಡಿ ಒಂಬತ್ತೂವರೆ ಪರ್ಸೆಂಟ್ ಇರಬೇಕು, ತಿಂಗಳಿಗೆ 1,600 ಹತ್ತಿರ ಕಟ್ಟುತ್ತಿದ್ದೆ. ಕಾಯಿಲೆ ಏನು, ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ಪರ್ಸನಲ್ ಲೋನ್ ಫಾರ್ಮಿನಲ್ಲಿ ಆರೋಗ್ಯದ ಪ್ರಶ್ನೆ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ಶೂರೆನ್ಸ್ ಕಥೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಸೋತೆ. ಕೀಮೋದಿಂದ ಅಂಡಾಶಯ ಹಾಳಾಗುತ್ತದೆ, ಆದ್ದರಿಂದ ಫ್ರೀಜ್ ಮಾಡಿಸುವುದು ಕ್ಯಾನ್ಸರ್ ಚಿಕಿತ್ಸೆಯದೇ ಭಾಗ ಅಂತ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ತಿರ ಚೆನ್ನಾಗಿ ಪತ್ರ ಬರೆಸಿದೆ. ಕಂಪನಿ ಒಂದೇ ಸಾಲಿನ ಉತ್ತರ ಕೊಟ್ಟಿತು: ಎಕ್ಸ್‌ಕ್ಲೂಷನ್ 17. ಬಂಜೆತನ ಚಿಕಿತ್ಸೆ ಅನ್ನುವ ಆ ಹೊರಗಿಡುವ ಪಟ್ಟಿಯಲ್ಲಿ ಐವಿಎಫ್, ಇಕ್ಸಿ (ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವ ವಿಧಾನ) ಹೆಸರು ಹಿಡಿದೇ ಬರೆದಿದ್ದರು, ಆಗ ಯಾವ ಕಂಪನಿಯ ಮೆಡಿಕ್ಲೇಮ್ ತೆಗೆದು ನೋಡಿದರೂ ಅದೇ ನಂಬರ್. ಇನ್ಶೂರೆನ್ಸ್ ದೂರು ಕೇಳುವ ಓಂಬುಡ್ಸ್‌ಮನ್‌ವರೆಗೂ ಹೋದೆ. ನಿಯಮ ಹಾಗಿದೆ, ಮುಗಿಯಿತು. ಆದರೆ ಒಂದು ಕಡೆ ಗೆದ್ದೆ. ಕೀಮೋ ನಡೆಯುವಾಗ ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಹಾಕುತ್ತಿದ್ದರು, ಅಂಡಾಶಯವನ್ನು ಮಲಗಿಸಿಡಲು. ಹಾರ್ಮೋನ್ ಪಾಸಿಟಿವ್ ಇದ್ದವರಿಗೆ ಅದು ಕ್ಯಾನ್ಸರಿನ ಔಷಧಿಯೂ ಹೌದು. ಆಂಕಾಲಜಿಸ್ಟ್ ಅದನ್ನು ತಮ್ಮ ಔಷಧಿ ಚೀಟಿಯಲ್ಲೇ ಬರೆದಿದ್ದರು, ಕೀಮೋ ಬಿಲ್ಲಿನ ಜೊತೆಗೇ ಪಾಸಾಯಿತು. ಅದೇ ಇಂಜೆಕ್ಷನ್ ಐವಿಎಫ್ ಕ್ಲಿನಿಕ್ ಬಿಲ್ಲಿನಲ್ಲಿ ಬಂದಿದ್ದರೆ ಒಂದು ಪೈಸೆ ಬರುತ್ತಿರಲಿಲ್ಲ.

ಪಿಎಫ್ ಅಡ್ವಾನ್ಸ್ ಕೂಡ ತೆಗೆದೆ. ಕ್ಯಾನ್ಸರಿಗೆ ಇಷ್ಟು ವರ್ಷ ಸರ್ವೀಸ್ ಆಗಿರಬೇಕು ಅನ್ನುವ ಷರತ್ತು ಇರಲಿಲ್ಲ. ಆರು ತಿಂಗಳ ಬೇಸಿಕ್ ಸಂಬಳ ಅಥವಾ ನಮ್ಮ ಪಾಲಿನ ಮೊತ್ತ, ಎರಡರಲ್ಲಿ ಯಾವುದು ಕಮ್ಮಿಯೋ ಅದು ಅನ್ನುವುದು ಆಗಿನ ನಿಯಮ. ನನಗೆ 80 ಸಾವಿರದ ಹತ್ತಿರ ಬಂತು, ಆಸ್ಪತ್ರೆಗೆ ಹೋಯಿತು. ಆದಾಯ ತೆರಿಗೆಯ 80ಡಿಡಿಬಿ ಸೆಕ್ಷನ್ನಿನಲ್ಲಿ 40 ಸಾವಿರ ಕಡಿತ ಸಿಗುತ್ತದೆ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಇನ್ಶೂರೆನ್ಸ್ ಕೊಟ್ಟದ್ದನ್ನು ಅದರಲ್ಲಿ ಕಳೆಯಬೇಕು ಅನ್ನುವುದನ್ನು ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ನನಗೆ ಸೊನ್ನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮದುವೆಯಾದ ಹೊಸತರಲ್ಲಿ ಯಾವನೋ ಏಜೆಂಟ್ ಪೀಡಿಸಿದ್ದಕ್ಕೆ ಒಂದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾಡಿಸಿದ್ದೆ. ಕಾಯಿಲೆ ಖಚಿತವಾದರೆ ಒಂದೇ ಗಂಟು, ಯಾವುದಕ್ಕೆ ಖರ್ಚು ಮಾಡಿದೆ ಅಂತ ಲೆಕ್ಕ ಕೊಡಬೇಕಿಲ್ಲ. 5 ಲಕ್ಷ ಬಂತು. 2 ಲಕ್ಷ ಕ್ಯಾನ್ಸರಿಗೆ ಹೋಯಿತು, 3 ಲಕ್ಷ ಎಫ್‌ಡಿ ಇಟ್ಟೆ. ಇಲ್ಲಿಂದ ಮನೆಯಲ್ಲಿ ಜಗಳ ಶುರು. ನಮ್ಮ ಭಾವ ಬ್ಯಾಂಕಿನವರು. ಎಫ್‌ಡಿಗೆ ಐದೂವರೆ ಬಡ್ಡಿ, ಚಿನ್ನಕ್ಕೆ ಒಂಬತ್ತೂವರೆ ಕಟ್ಟುತ್ತಿದ್ದೀಯ, ಲೆಕ್ಕ ಬರೆಯುವವಳಿಗೆ ಇಷ್ಟೂ ಗೊತ್ತಾಗಲ್ವಾ, ಮೊದಲು ಒಡವೆ ಬಿಡಿಸಮ್ಮ ಅಂದರು. ಲೆಕ್ಕ ನನಗೂ ಬರುತ್ತದೆ ಭಾವ, ವರ್ಷಕ್ಕೆ 8 ಸಾವಿರ ನಷ್ಟ ಅಂದೆ. ಆದರೆ ಕ್ಯಾನ್ಸರ್ ಬಂದ ಮನೆಯಲ್ಲಿ ಕೈಗೆ ಸಿಗುವ 3 ಲಕ್ಷಕ್ಕೆ ಇರುವ ಬೆಲೆಯೇ ಬೇರೆ. ಆ 8 ಸಾವಿರವನ್ನು ನಾನು ನಿದ್ದೆಗೆ ಕಟ್ಟುವ ಬಾಡಿಗೆ ಅಂದುಕೊಂಡೆ. ಅಲ್ಲದೆ ಆ ಎಫ್‌ಡಿ ಬಡ್ಡಿಯಲ್ಲೇ ಭ್ರೂಣ ಇಡುವ ವರ್ಷದ ಶುಲ್ಕ, 15ರಿಂದ 18 ಸಾವಿರ, ಬಹುಪಾಲು ತೀರುತ್ತಿತ್ತು. ಕಮ್ಮಿ ಬಿದ್ದದ್ದನ್ನು ಮಾತ್ರ ಕೈಯಿಂದ ಹಾಕುತ್ತಿದ್ದೆ.

ಚಿನ್ನವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಅಲ್ಲಿ ಒಂದು ಲಾಭ ಸಿಕ್ಕಿತು. ಚಿನ್ನದ ದರ ಏರುತ್ತಾ ಹೋಯಿತು, ಸಾಲ ಅದೇ 2 ಲಕ್ಷ. ಆಗ ದರದ ಮುಕ್ಕಾಲು ಭಾಗದವರೆಗೆ ಸಾಲ ಕೊಡಬಹುದಿತ್ತು, ಆ ಲೆಕ್ಕದಲ್ಲಿ ಅದೇ ಸಾಲಕ್ಕೆ ಕಮ್ಮಿ ಗ್ರಾಂ ಸಾಕಾಗುತ್ತಿತ್ತು. ಪ್ರತಿ ಸಲ ನವೀಕರಿಸುವಾಗ ಒಂದೊಂದು ಒಡವೆ ವಾಪಸ್ ಪಡೆದೆ, ಅಸಲಿನಲ್ಲಿ ಒಂದು ರೂಪಾಯಿ ಕಟ್ಟದೆ. ಮೊದಲು ಬಂದದ್ದು ಅತ್ತೆಯ ಓಲೆ. ಅವರು ಏನೂ ಅನ್ನಲಿಲ್ಲ, ಮಾರನೇ ದಿನ ಅದನ್ನೇ ಹಾಕಿಕೊಂಡು ದೇವಸ್ಥಾನಕ್ಕೆ ಹೋದರು. ದರ ಇಳಿದಿದ್ದರೆ ನಾನೇ ಇನ್ನಷ್ಟು ಚಿನ್ನ ಕೊಡಬೇಕಾಗುತ್ತಿತ್ತು, ಅದೂ ಗೊತ್ತಿರಲಿ.

ರೇಡಿಯೇಷನ್ ಮುಗಿದು 2021ರ ಕೊನೆಗೆ ಟಮಾಕ್ಸಿಫೆನ್ ಶುರುವಾಯಿತು, ಕ್ಯಾನ್ಸರ್ ಮರಳದ ಹಾಗೆ ಹಾರ್ಮೋನನ್ನು ತಡೆಯುವ ಮಾತ್ರೆ. ಐದು ವರ್ಷ ನುಂಗಬೇಕು, ನಡುವೆ ಮಗುವಿಗಾಗಿ ಬಿಡುವು ಕೊಡಬಹುದಾ ಅಂತ ಕೇಳಿದೆ. ಆ ಬಗ್ಗೆ 'ಪಾಸಿಟಿವ್' ಅನ್ನುವ ಹೆಸರಿನ ಒಂದು ಅಧ್ಯಯನ ನಡೆಯುತ್ತಿದೆ, ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತಗೊಂಡು ನಿಲ್ಲಿಸುತ್ತಾರೆ, ನೋಡೋಣ ಅಂದರು. ಅಂದರೆ 18ರಿಂದ 30 ತಿಂಗಳು. ನನ್ನ ತಲೆಯಲ್ಲಿ ತಕ್ಷಣ ಹೊಳೆದದ್ದು ಚೀಟಿ: 30 ಜನ, 30 ತಿಂಗಳು, ತಿಂಗಳಿಗೆ 10 ಸಾವಿರ, 3 ಲಕ್ಷ. ಮಾತ್ರೆ ಶುರುವಾದ ಮುಂದಿನ ತಿಂಗಳೇ ಒಂದು ನೋಂದಾಯಿತ ಚೀಟಿಗೆ ಸೇರಿದೆ. ಏರಿಯಾದಲ್ಲಿ ಬಾಯಿಮಾತಿನ ಮೇಲೆ ನಡೆಸುವ ಚೀಟಿ ಅಲ್ಲ, ಅದರಲ್ಲಿ ದುಡ್ಡು ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಆರ್‌ಡಿ ಕಟ್ಟಬಹುದಿತ್ತಲ್ಲ ಅಂತ ಈಗಲೂ ಕೇಳುತ್ತಾರೆ. ಆರ್‌ಡಿಯಲ್ಲಿ ಅಲ್ಲಿಯವರೆಗೆ ಕಟ್ಟಿದ್ದು ಮತ್ತು ಅದರ ಬಡ್ಡಿ, ಅಷ್ಟೇ ಸಿಗುವುದು. ಡಾಕ್ಟರ್ 18ನೇ ತಿಂಗಳಲ್ಲಿ ನಿಲ್ಲಿಸು ಅಂದಿದ್ದರೆ? ಚೀಟಿಯಲ್ಲಿ ಹರಾಜು ಕೂಗಿ ಮೊದಲೇ ಗಂಟು ಎತ್ತಬಹುದು, ಸ್ವಲ್ಪ ಜಾಸ್ತಿ ಬಿಟ್ಟುಕೊಡಬೇಕು ಅಷ್ಟೇ. ಕಾಯುವಷ್ಟು ಕಾಲ ಬೇರೆಯವರು ಬಿಟ್ಟುಕೊಟ್ಟ ದುಡ್ಡಿನಲ್ಲಿ ನನಗೂ ಪಾಲು ಬರುತ್ತದೆ. ಮೊದಲ ತಿಂಗಳುಗಳಲ್ಲಿ ಜನ ಕಿತ್ತಾಡಿಕೊಂಡು ಕೂಗುತ್ತಿದ್ದರು, ನನ್ನ ಕಂತು ಎಷ್ಟೋ ಸಲ 7 ಸಾವಿರಕ್ಕೆ ಇಳಿಯುತ್ತಿತ್ತು. 2023ರಲ್ಲಿ ಆ ಅಧ್ಯಯನದ ಫಲಿತಾಂಶ ಅಚ್ಚಾಯಿತು, ಬಿಡುವು ಕೊಟ್ಟವರಲ್ಲಿ ಅಷ್ಟು ಸಮಯದೊಳಗೆ ಕಾಯಿಲೆ ಮರಳುವುದು ಜಾಸ್ತಿಯಾಗಿಲ್ಲ ಅಂತ. ಡಾಕ್ಟರ್ ಎರಡು ವರ್ಷ ತುಂಬಿದ ಮೇಲೆ ನಿಲ್ಲಿಸೋಣ, ಆಮೇಲೆ ಮೂರು ತಿಂಗಳು ಮೈಯಿಂದ ಹೋಗಲಿ ಅಂದರು. ಆ ಮೂರು ತಿಂಗಳಲ್ಲೇ ಚೀಟಿ ಕೂಗಿದೆ. ಕೊನೆ ಕೊನೆಗೆ ಎತ್ತುವವರು ಕಮ್ಮಿ, ಕಮಿಷನ್ ಕಳೆದು 2.75 ಲಕ್ಷದ ಹತ್ತಿರ ಕೈಗೆ ಬರಬೇಕಿತ್ತು.

ಬರಬೇಕಿತ್ತು, ಬರಲಿಲ್ಲ. ಉಳಿದ ಕಂತಿಗೆ ಜಾಮೀನು ಕೇಳಿದರು. ಇಬ್ಬರು ಬೇಕು, ಸರ್ಕಾರಿ ನೌಕರಿ ಆದರೆ ಒಳ್ಳೆಯದು. ಒಬ್ಬರು ನಮ್ಮನೆಯವರ ಚಿಕ್ಕಪ್ಪನ ಮಗ, ಬಸ್ ಕಂಡಕ್ಟರ್, ಹಿಂದೆಮುಂದೆ ನೋಡದೆ ಬಂದು ಸಹಿ ಹಾಕಿದ. ಇನ್ನೊಬ್ಬರು ಒಪ್ಪಿಕೊಂಡಿದ್ದವರು, ನನಗೆ ಏನಾಗಿತ್ತು ಅಂತ ಯಾರಿಂದಲೋ ಕೇಳಿ ಫೋನ್ ಎತ್ತುವುದನ್ನೇ ಬಿಟ್ಟರು. ಅವರನ್ನೂ ಬೈಯಲ್ಲ. ಕಂತು ಕಟ್ಟುವವಳು ಇರುತ್ತಾಳೋ ಇಲ್ಲವೋ ಅಂತ ಅವರು ಯೋಚಿಸಿರಬೇಕು. ಆಗ ಕೆಲಸಕ್ಕೆ ಬಂದದ್ದು ಅದೇ ಎಫ್‌ಡಿ. ಎರಡನೇ ಜಾಮೀನಿನ ಬದಲು ಎಫ್‌ಡಿ ರಸೀದಿ ಇಟ್ಟುಕೊಳ್ಳಿ ಅಂದೆ, ಉಳಿದದ್ದು ಕೆಲವೇ ಕಂತು, ಒಪ್ಪಿದರು. ಬಡ್ಡಿ ನನಗೇ ಬರುತ್ತಿತ್ತು. ಒಂದೇ ಎಫ್‌ಡಿ ಭ್ರೂಣದ ಬಾಡಿಗೆಯನ್ನೂ ಕಟ್ಟಿತು, ಜಾಮೀನೂ ನಿಂತಿತು. ಭಾವನಿಗೆ ಇದನ್ನು ಎರಡು ಸಲ ಹೇಳಿದೆ.

ಕ್ಲಿನಿಕ್ಕಿನಲ್ಲಿ ಮೂರು ಸೈಕಲ್ (ಮೂರು ಸಲದ ಪ್ರಯತ್ನ) ಪ್ಯಾಕೇಜ್ ಇದೆ, ಮಗು ಆಗದಿದ್ದರೆ ಹಣ ವಾಪಸ್ ಅಂತ ಕೌನ್ಸೆಲರ್ ಹುಡುಗಿ ಅರ್ಧ ಗಂಟೆ ಹೇಳಿದಳು. ಕೊನೆಯ ಪುಟದ ಸಣ್ಣ ಅಕ್ಷರ ಓದಿದೆ, ಕ್ಯಾನ್ಸರ್ ಇದ್ದವರಿಗೆ ಅನ್ವಯಿಸುವುದಿಲ್ಲ. ಒಳ್ಳೆಯದೇ ಆಯಿತು. ಪ್ರತಿ ಹಂತಕ್ಕೆ ಬೇರೆ ಬೇರೆ ಎಸ್ಟಿಮೇಟ್ ಕೊಡಿ ಅಂದೆ. ಕೊಟ್ಟದ್ದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಇತ್ತು! ಐವಿಎಫ್ ಆರೋಗ್ಯ ಸೇವೆ, ಅದಕ್ಕೆ ತೆರಿಗೆ ಇಲ್ಲ ಅಂತ 2022ರ ಆಗಸ್ಟಿನಲ್ಲೇ ಸುತ್ತೋಲೆ ಬಂದಿದೆ, ನಂಬರ್ 177. ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಸಿಸ್ಟಂ ತಪ್ಪು ಮೇಡಂ ಅಂದರು. 14 ಸಾವಿರದ ಸಾಲು ಮಾಯ. ನನ್ನ ಹಿಂದೆ ಕೂತಿದ್ದ ಹೆಂಗಸು ತನ್ನ ಬಿಲ್ಲನ್ನೂ ತೆಗೆದಳು.

ಇಂಜೆಕ್ಷನ್‌ಗಳನ್ನು ಕ್ಲಿನಿಕ್ಕಿನ ಅಂಗಡಿಯಲ್ಲಿ ಎಂಆರ್‌ಪಿಗೆ ಕೊಳ್ಳಬೇಡಿ. ಅಂಡ ಬೆಳೆಸಲು ಹಾಕುವ ಎಚ್‌ಎಂಜಿ ಆಗಲಿ ಎಫ್‌ಎಸ್‌ಎಚ್ ಪೆನ್ ಆಗಲಿ, ಹೊರಗೆ ಒಳ್ಳೆಯ ರಿಯಾಯಿತಿ ಸಿಗುತ್ತದೆ. ನಾನು ಎಲ್ಲಿ ತಂದೆ ಅಂತ ಇಲ್ಲಿ ಬರೆಯಲ್ಲ, ಬರೆದರೆ ಆ ಪುಣ್ಯಾತ್ಮ ನಾಳೆಯಿಂದ ಯಾರಿಗೂ ಕೊಡಲ್ಲ. ಬ್ಯಾಚ್ ನಂಬರ್ ಹಾಕಿದ ಪಕ್ಕಾ ಬಿಲ್ ತಗೊಳ್ಳಿ, ಫ್ರಿಜ್ಜಿನಲ್ಲಿಡುವ ಔಷಧಿಗೆ ಐಸ್ ಪ್ಯಾಕ್ ಡಬ್ಬಿ ಒಯ್ಯಿರಿ. ಹೊರಗಿನ ಔಷಧಿ ಒಪ್ಪಲ್ಲ ಅಂತ ಕ್ಲಿನಿಕ್ಕಿನವರು ಗೊಣಗುತ್ತಾರೆ, ಆಮೇಲೆ ಒಪ್ಪುತ್ತಾರೆ. ಅದಕ್ಕೆ ಏನು ಹೇಳಬೇಕು ಅನ್ನುವುದು ನನ್ನ ಗುಟ್ಟು.

ನಡುವೆ ಬೇರೆ ಪ್ರಯೋಗಗಳೂ ಆದವು. ಭ್ರೂಣಗಳನ್ನು ಕಮ್ಮಿ ಬಾಡಿಗೆಯ ಕಡೆಗೆ ಸಾಗಿಸೋಣ ಅಂತ ವಿಚಾರಿಸಿದೆ. ದ್ರವ ಸಾರಜನಕದ ವಿಶೇಷ ಡಬ್ಬಿ, ಎರಡೂ ಕಡೆಯ ಒಪ್ಪಿಗೆ ಪತ್ರ, ಸಾಗಿಸುವ ಖರ್ಚೇ ಒಂದು ವರ್ಷದ ಬಾಡಿಗೆಗಿಂತ ಜಾಸ್ತಿ. ಬಿಟ್ಟೆ. ಐವಿಎಫ್‌ನಂಥ ಚಿಕಿತ್ಸೆಗಳ 2021ರ ಕಾಯ್ದೆ ಪ್ರಕಾರ ಹತ್ತು ವರ್ಷ ಮಾತ್ರ ಇಡಬಹುದು, ಆದ್ದರಿಂದ ಉಳಿಯುವುದೂ ಅಷ್ಟರಲ್ಲೇ ಇತ್ತು. ನಾದಿನಿಯ ಮಗಳು ಆನ್‌ಲೈನಿನಲ್ಲಿ ಚಂದಾ ಎತ್ತೋಣ ಅತ್ತೆ ಅಂದಳು. ಕೀಮೋಗೆ ಅಂದಿದ್ದರೆ ಕೊಡುತ್ತಿದ್ದರೇನೋ, ಮಗುವಿಗೆ ಅಂದರೆ ಜನ ಪ್ರಾರ್ಥನೆ ಕಳಿಸುತ್ತಾರೆ. 10 ಸಾವಿರ ದಾಟಲಿಲ್ಲ, ಅದರಲ್ಲೂ ಅರ್ಧ ನಮ್ಮ ಆಫೀಸಿನವರದ್ದೇ.

ಮೊದಲ ಟ್ರಾನ್ಸ್‌ಫರ್ 2024ರ ಬೇಸಿಗೆಯಲ್ಲಿ, ಔಷಧಿ ಸೇರಿ 80 ಸಾವಿರದ ಹತ್ತಿರ. ಗರ್ಭ ನಿಲ್ಲಲಿಲ್ಲ. ಆಮೇಲೆ ಹಿಸ್ಟೆರೋಸ್ಕೋಪಿಗೆ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು) 30 ಸಾವಿರ. ಪ್ಯಾಕೇಜ್ ಇಲ್ಲದ್ದರಿಂದ ಇಲ್ಲಿ ನಿಂತು ಯೋಚಿಸಲು ಆಯಿತು, ಮುಂದಿನ ತಿಂಗಳೇ ಬನ್ನಿ ಅಂತ ಯಾರೂ ಎಳೆಯಲಿಲ್ಲ. ನನಗೆ ಮುಟ್ಟು ವಾಪಸ್ ಬಂದಿತ್ತು, ಹಾಗಾಗಿ ಎರಡನೇ ಸಲ ನ್ಯಾಚುರಲ್ ಸೈಕಲ್ (ಮೈಯ ಸಹಜ ಮುಟ್ಟಿನ ಚಕ್ರದಲ್ಲೇ) ಮಾಡೋಣ, ಈಸ್ಟ್ರೊಜೆನ್ ಮಾತ್ರೆ ಬೇಡ ಅಂತ ಇಬ್ಬರು ಡಾಕ್ಟರೂ ಮಾತಾಡಿ ನಿರ್ಧರಿಸಿದರು. ಕ್ಯಾನ್ಸರ್ ದೃಷ್ಟಿಯಿಂದ ಅವರು ಹೇಳಿದ್ದು, ಖರ್ಚೂ ಇಳಿಯಿತು, 55 ಸಾವಿರದಲ್ಲಿ ಮುಗಿಯಿತು. ನಿಂತಿತು. ಮಗಳು 2025ರಲ್ಲಿ ಹುಟ್ಟಿದಳು.

ಸದ್ಯದ ಲೆಕ್ಕ ಹೀಗಿದೆ. ಟಮಾಕ್ಸಿಫೆನ್ ಮತ್ತೆ ಶುರುವಾಗಿದೆ. ಚೀಟಿಯ ಕಂತು ಮುಗಿಯಿತು, ಎಫ್‌ಡಿ ರಸೀದಿ ವಾಪಸ್ ಬಂತು. ಚೀಟಿಯಲ್ಲಿ ಉಳಿದ ದುಡ್ಡನ್ನು ಚಿನ್ನದ ಅಸಲಿಗೆ ಹಾಕಿದೆ, ಅವಲಕ್ಕಿ ಸರ ಮನೆಗೆ ಬಂದಿದೆ, ಎರಡು ಬಳೆ ಇನ್ನೂ ಗಿರವಿಯಲ್ಲೇ ಇವೆ. ಒಂದು ಭ್ರೂಣ ಉಳಿದಿದೆ, ಬರುವ ತಿಂಗಳು ಅದರ ಶುಲ್ಕ ಕಟ್ಟಬೇಕು. ಈ ಸಲ 2 ಸಾವಿರ ಏರಿಸಿದ್ದಾರೆ, ಕೇಳಲು ಶನಿವಾರ ಹೋಗುತ್ತಿದ್ದೇನೆ.