ಸ್ಟೀಮ್ ವಾಲ್ವ್ ತೊಟ್ಟಿಕ್ಕುತ್ತಿದೆಯೇ? ನಾಬ್ ಬಿಗಿ ಮಾಡಬೇಡಿ, ವಾಷರ್ ನೋಡಿ

ನನ್ನ ಎಸ್ಪ್ರೆಸೊ ಮೆಷಿನ್‌ನಲ್ಲಿ ಹಾಲಿಗೆ ನೊರೆ ಬರಿಸುವ ಪೈಪ್ ಇದೆಯಲ್ಲ, ಅದರ ತುದಿಯಿಂದ ಒಂದೊಂದೇ ಹನಿ ಬೀಳಲು ಶುರುವಾಯಿತು. ನಾಬ್ ಸ್ವಲ್ಪ ಬಿಗಿ ಮಾಡಿದೆ, ನಿಂತಿತು. ನಾಲ್ಕು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಬಿಗಿ ಮಾಡಿದೆ. ಕೊನೆಗೆ ನಾಬ್‌ಗೆ ಬಟ್ಟೆ ಸುತ್ತಿ ಹಲ್ಲು ಕಚ್ಚಿ ತಿರುಗಿಸುವ ಸ್ಥಿತಿಗೆ ತಲುಪಿದ್ದೆ. ಒಂದು ಭಾನುವಾರ ಧೈರ್ಯ ಮಾಡಿ ಬಿಚ್ಚಿದರೆ, ಒಳಗಿನ ಪುಟ್ಟ ವಾಷರ್ ಮೇಲೆ ಬ್ಲೇಡಿನಲ್ಲಿ ಕೊರೆದ ಹಾಗೆ ದುಂಡನೆಯ ಆಳವಾದ ಗೆರೆ. ಹನಿ ನಿಲ್ಲಿಸುತ್ತಿದ್ದೇನೆ ಅಂದುಕೊಂಡು ಇಷ್ಟು ದಿನ ನಾನೇ ವಾಷರ್ ಕೊಯ್ಯುತ್ತಿದ್ದೆ.

ಇದು ತೀರಾ ಸಾಮಾನ್ಯ ಕೆಟ್ಟ ಅಭ್ಯಾಸ. ರಿಪೇರಿ ಮಾತ್ರ ಕಷ್ಟದ್ದಲ್ಲ. ನಲ್ಲಿಯ ವಾಷರ್ ಬದಲಾಯಿಸಿ ಗೊತ್ತಿದ್ದವರಿಗೆ ಮುಕ್ಕಾಲು ಪಾಲು ಕೆಲಸ ಬಂದ ಹಾಗೆಯೇ. ಉಳಿದ ಕಾಲು ಪಾಲಿನಲ್ಲಿ ಹಬೆ ಇದೆ, ಕರೆಂಟ್ ಇದೆ. ಅದಕ್ಕೇ ಸಾವಧಾನ ಬೇಕು.

ಒಳಗೆ ಏನಿದೆ?

ನಾಬ್ ತಿರುಗಿಸಿದರೆ ಸ್ಪಿಂಡಲ್ ಎಂಬ ಲೋಹದ ಕಡ್ಡಿ ಮುಂದೆ ಹೋಗುತ್ತದೆ. ಅದರ ತುದಿಯಲ್ಲಿ ರಬ್ಬರಿನದೋ ಟೆಫ್ಲಾನಿನದೋ ಒಂದು ಸಣ್ಣ ವಾಷರ್ ಇರುತ್ತದೆ. ವಾಲ್ವ್ ಒಳಗಿನ ಹಿತ್ತಾಳೆಯ ದುಂಡು ಅಂಚಿನ ಮೇಲೆ ಆ ವಾಷರ್ ಕೂತರೆ ಹಬೆ ಬಂದ್. ಆ ಅಂಚಿಗೆ ಸೀಟು ಅನ್ನುತ್ತಾರೆ. ಸ್ಪಿಂಡಲ್ ಸುತ್ತ ಒಂದೋ ಎರಡೋ ಓ-ರಿಂಗ್, ಅಂದರೆ ರಬ್ಬರಿನ ಪುಟ್ಟ ಬಳೆಗಳು ಇರುತ್ತವೆ. ಹಬೆ ಹಿಂದಕ್ಕೆ, ಅಂದರೆ ನಾಬ್ ಕಡೆಗೆ ನುಗ್ಗದಂತೆ ತಡೆಯುವುದು ಅವುಗಳ ಕೆಲಸ.

ಈ ಚಿತ್ರ ತಲೆಯಲ್ಲಿದ್ದರೆ ಎಲ್ಲಿ ಸೋರುತ್ತಿದೆ ಅನ್ನುವುದನ್ನು ನೋಡಿಯೇ ಯಾವುದು ಹಾಳಾಗಿದೆ ಎಂದು ಹೇಳಬಹುದು. ಪೈಪಿನ ತುದಿಯಿಂದ ಹನಿ ಬಿದ್ದರೆ ವಾಷರ್ ಅಥವಾ ಸೀಟು. ನಾಬ್ ಹಿಂದಿನಿಂದ ಹಬೆ ಬಂದರೆ ಓ-ರಿಂಗ್. ಪೈಪ್ ಅತ್ತಿತ್ತ ತಿರುಗುವ ಗುಂಡು ಕೀಲಿನ ಹತ್ತಿರ ಒದ್ದೆಯಾದರೆ ಅಲ್ಲೇ ಒಂದು ಬೇರೆ ಓ-ರಿಂಗ್ ಇರುತ್ತದೆ, ಅದು. ಈ ಕೀಲು ಸ್ಟೀಮ್ ತೆರೆದಾಗ ಮಾತ್ರ ಸೋರುತ್ತದೆ. ಮುಚ್ಚಿದಾಗಲೂ ಸೋರುತ್ತಿದ್ದರೆ ವಾಲ್ವ್ ಕೂಡ ಕೆಟ್ಟಿದೆ ಎಂದೇ ಅರ್ಥ.

ಕಣ್ಣಿಗೆ ಕಾಣದಿದ್ದರೆ ಒಣಗಿದ ಟಿಶ್ಯೂ ಕಾಗದವನ್ನು ಇಕ್ಕಳದಲ್ಲಿ ಹಿಡಿದು ಒಂದೊಂದು ಜಾಗಕ್ಕೂ ಮುಟ್ಟಿಸಿ ನೋಡಿ. ಬೆರಳು ಬೇಡ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ನಾವು ನೋಡುವ ಬಿಳಿ ಮೋಡ ಅದು ತಣ್ಣಗಾದ ಮೇಲಿನ ರೂಪ. ಸುಡುವ ಭಾಗ ಅದಕ್ಕಿಂತ ಒಂದಿಷ್ಟು ಹಿಂದೆಯೇ ಇರುತ್ತದೆ.

ಎಲ್ಲ ಹನಿಯೂ ರೋಗವಲ್ಲ

ಹಾಲು ಕಾಯಿಸಿ ವಾಲ್ವ್ ಮುಚ್ಚಿದ ಮೇಲೆ ಐದಾರು ಹನಿ ಬಿದ್ದು ನಿಂತರೆ ಚಿಂತೆ ಬೇಡ. ಪೈಪ್ ಒಳಗೆ ಉಳಿದ ಹಬೆ ನೀರಾಗಿ ಇಳಿಯುತ್ತದೆ, ಅಷ್ಟೇ. ಪೈಪ್ ಒರೆಸಿ, ಕೆಳಗೆ ಒಂದು ಲೋಟ ಇಟ್ಟು ಅರ್ಧ ಗಂಟೆ ಬಿಡಿ. ಲೋಟದಲ್ಲಿ ನೀರು ಏರುತ್ತಲೇ ಇದ್ದರೆ ಮಾತ್ರ ಮುಂದೆ ಓದಿ.

ಇನ್ನೊಂದು ವಿಚಿತ್ರ ಇದೆ. ಕೆಲವರ ಮೆಷಿನ್‌ನಲ್ಲಿ ಸ್ಟೀಮ್ ಹೊತ್ತಿಗೆ ಏನೂ ತೊಂದರೆ ಇಲ್ಲ, ಕಾಫಿ ಇಳಿಸುವಾಗ ಮಾತ್ರ ಸ್ಟೀಮ್ ಪೈಪಿನಿಂದ ನೀರು ಬರುತ್ತದೆ. ಇದು ಒಂದೇ ಬಾಯ್ಲರ್ ಇರುವ ಸಣ್ಣ ಮೆಷಿನ್‌ಗಳ ಕಥೆ. ಸ್ಟೀಮ್‌ಗೇ ಬೇರೆ ಬಾಯ್ಲರ್ ಇದ್ದರೆ ವಾಲ್ವ್ ಮೇಲೆ ಬೀಳುವ ಒತ್ತಡ ಸುಮಾರು 1ರಿಂದ 1.5 ಬಾರ್. ಒಂದೇ ಬಾಯ್ಲರ್ ಆದರೆ ಕಾಫಿ ಇಳಿಯುವಾಗ ಪಂಪಿನ 9 ಬಾರ್ ಒತ್ತಡವನ್ನೂ ಇದೇ ವಾಲ್ವ್ ತಡೆಯಬೇಕು. ಸಣ್ಣ ಗೀರು ಬಿದ್ದ ವಾಷರ್ ಮೊದಲನೆಯದಕ್ಕೆ ಹೇಗೋ ಜಗ್ಗದೆ ನಿಂತು, ಎರಡನೆಯದಕ್ಕೆ ಕೈ ಚೆಲ್ಲುತ್ತದೆ. ಹಾಗಾಗಿ ಇದನ್ನು ಕೆಡುವುದರ ಮೊದಲ ಸೂಚನೆ ಅಂದುಕೊಳ್ಳಿ.

ಬಿಚ್ಚುವ ಮೊದಲು

ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಗೋಡೆಯಿಂದ ಹೊರಗೆ ಬರಬೇಕು. ಆಮೇಲೆ ಪೈಪಿನ ಕೆಳಗೆ ದೊಡ್ಡ ಜಗ್ ಇಟ್ಟು ವಾಲ್ವ್ ತೆರೆದು ಒಳಗಿನ ಒತ್ತಡ ಪೂರ್ತಿ ಹೋಗಲು ಬಿಡಿ. ವಾಲ್ವ್ ತೆರೆದೇ ಇರಲಿ. ಮೆಷಿನ್ ತಣ್ಣಗಾಗಲು ಕೆಲವು ಗಂಟೆ ಕೊಡಿ. ರಾತ್ರಿ ಆರಿಸಿ ಬೆಳಿಗ್ಗೆ ಕೆಲಸ ಹಿಡಿದರೆ ಇನ್ನೂ ಒಳ್ಳೆಯದು.

ಒತ್ತಡದ ಮುಳ್ಳು ಸೊನ್ನೆಗೆ ಬಂತಲ್ಲ, ಇನ್ನೇನು ಅನ್ನಬೇಡಿ. ಮುಳ್ಳು ಸೊನ್ನೆಯಲ್ಲಿದ್ದಾಗಲೂ ಒಳಗಿನ ನೀರು 90 ಡಿಗ್ರಿ ದಾಟಿರಬಹುದು. ಕೆಲಸ ಮಾಡುವಾಗಿನ ಬಿಸಿಯಂತೂ ಕೇಳಲೇಬೇಡಿ. 1 ಬಾರ್ ಒತ್ತಡದಲ್ಲಿ ನೀರು 120 ಡಿಗ್ರಿಯ ಸುಮಾರಿಗಿರುತ್ತದೆ. ನೀರು ಹಬೆಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ. ಬಿಸಿ ಇರುವಾಗ ನಟ್ ಸಡಿಲ ಮಾಡಿದರೆ ಆ ಹಬೆಯೆಲ್ಲ ಬರುವುದು ನಿಮ್ಮ ಕೈ ಮುಖದ ಕಡೆಗೇ.

ಮೆಷಿನ್ ಇನ್ನೂ ವಾರಂಟಿಯಲ್ಲಿದ್ದರೆ ಸ್ಕ್ರೂ ಮುಟ್ಟುವ ಮೊದಲು ಅದರ ಕಾಗದ ಓದಿ. ಮುಳ್ಳು ಎಂದಿನ ಮಟ್ಟಕ್ಕಿಂತ ಮೇಲೆ ಏರುತ್ತಿದ್ದು, ಸೇಫ್ಟಿ ವಾಲ್ವ್ ಬುಸುಗುಟ್ಟುತ್ತಿದ್ದರೆ ತೊಂದರೆ ಸ್ಟೀಮ್ ವಾಲ್ವಿನದಲ್ಲ, ಒತ್ತಡ ನಿಯಂತ್ರಿಸುವ ಭಾಗದ್ದು. ಆಗ ಮೆಷಿನ್ ಆರಿಸಿ ಮೆಕ್ಯಾನಿಕ್‌ಗೆ ಕೊಡಿ. ನಾಬ್ ಬದಲು ಬಟನ್ ಇರುವ ಮೆಷಿನ್‌ಗಳಿಗೂ ಈ ಲೇಖನ ಹೊಂದುವುದಿಲ್ಲ. ಅವುಗಳಲ್ಲಿ ಕರೆಂಟಿನಿಂದ ನಡೆಯುವ ಬೇರೆ ವಾಲ್ವ್ ಇರುತ್ತದೆ.

ಬಿಚ್ಚುವುದು

ನೀರಿನ ಟ್ಯಾಂಕ್ ತೆಗೆದಿಡಿ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ ನಿಧಾನಕ್ಕೆ ಎತ್ತಿ. ಮುಚ್ಚಳಕ್ಕೆ ಅರ್ಥಿಂಗ್ ವೈರ್ ಸಿಕ್ಕಿಸಿರುತ್ತಾರೆ, ಜಗ್ಗಿದರೆ ಕಿತ್ತು ಬರುತ್ತದೆ. ಒಳಗಿನದರ ಫೋಟೊ ತೆಗೆಯಿರಿ, ಒಂದಲ್ಲ, ನಾಲ್ಕು ಕಡೆಯಿಂದ. ಮತ್ತೆ ಜೋಡಿಸುವಾಗ ಆ ಫೋಟೊಗಳೇ ದಿಕ್ಕು.

ನಾಬ್ ಕೆಲವು ಮೆಷಿನ್‌ಗಳಲ್ಲಿ ನೇರ ಎಳೆದರೆ ಬರುತ್ತದೆ. ಕೆಲವದರಲ್ಲಿ ಪಕ್ಕದಲ್ಲೋ ಮುಂದಿನ ಬಿಲ್ಲೆಯ ಕೆಳಗೋ ಸಣ್ಣ ಸ್ಕ್ರೂ ಅಡಗಿರುತ್ತದೆ, ಅದಕ್ಕೆ ಅಲೆನ್ ಕೀ ಬೇಕು. ಬರಲಿಲ್ಲ ಅಂತ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ನಾಬ್ ಹಿಂದೆ ಹಬೆ ಸೋರುತ್ತಿದ್ದರೆ ಇಲ್ಲೇ ಸ್ವಲ್ಪ ನಿಲ್ಲಿ. ಕೆಲವು ವಾಲ್ವ್‌ಗಳಲ್ಲಿ ಸ್ಪಿಂಡಲ್ ಸುತ್ತ ಓ-ರಿಂಗ್ ಬದಲು ಪ್ಯಾಕಿಂಗ್ (ಸೋರದಂತೆ ತುಂಬುವ ಮೆತ್ತನೆಯ ವಸ್ತು) ಹಾಕಿ, ಅದನ್ನು ಒತ್ತಿ ಹಿಡಿಯಲು ಒಂದು ಸಣ್ಣ ನಟ್ ಕೊಟ್ಟಿರುತ್ತಾರೆ. ಅದನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿ ಮಾಡಿ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಅದರಿಂದ ಆಗಲಿಲ್ಲವೆಂದರೆ ವಾಲ್ವ್ ತಲೆಯ ದೊಡ್ಡ ನಟ್ ಬಿಚ್ಚಬೇಕು. ಈ ಹೊತ್ತಿಗೆ ವಾಲ್ವ್ ತೆರೆದೇ ಇರಬೇಕು. ಬಿಗಿಯಾಗಿ ಮುಚ್ಚಿದ್ದು ಬಿಚ್ಚಿದರೆ ವಾಷರ್ ಸೀಟಿಗೆ ಉಜ್ಜಿ ಹರಿಯುತ್ತದೆ. ಇನ್ನೊಂದು, ಎರಡು ಸ್ಪ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದರಲ್ಲಿ ವಾಲ್ವಿನ ಮೈ ಅಲ್ಲಾಡದಂತೆ ಹಿಡಿಯಿರಿ, ಇನ್ನೊಂದರಲ್ಲಿ ನಟ್ ತಿರುಗಿಸಿ. ಒಂದೇ ಸ್ಪ್ಯಾನರ್ ಹಾಕಿ ಜಗ್ಗಿದರೆ ನಟ್ ಜೊತೆಗೆ ಇಡೀ ವಾಲ್ವ್ ತಿರುಗಿ, ಬಾಯ್ಲರಿನಿಂದ ಬರುವ ತಾಮ್ರದ ಕೊಳವೆ ಮುರುಟಿಕೊಳ್ಳುತ್ತದೆ. ಆಮೇಲೆ ಪುಟ್ಟ ವಾಷರ್‌ನ ರಿಪೇರಿ ಕೊಳವೆ ಬದಲಾಯಿಸುವ ರಿಪೇರಿ ಆಗುತ್ತದೆ.

ನಾಬ್ ಬದಲು ಮೇಲೆ ಕೆಳಗೆ ಆಡಿಸುವ ಹಿಡಿ ಇದ್ದರೆ ಒಳಗೆ ಸ್ಪ್ರಿಂಗ್ ಇರುತ್ತದೆ. ನಟ್‌ನ ಕೊನೆಯ ಸುತ್ತಿಗೆ ಅಂಗೈ ಅಡ್ಡ ಇಡಿ, ಇಲ್ಲದಿದ್ದರೆ ಅದು ಎಲ್ಲಿಗೆ ಹಾರಿತು ಎಂದು ಮಂಡಿಯೂರಿ ಹುಡುಕಬೇಕಾಗುತ್ತದೆ. ಇನ್ನು ಕೆಲವು ವಾಲ್ವ್‌ಗಳನ್ನು ಕಾರ್ಖಾನೆಯಲ್ಲೇ ಬಿಚ್ಚಲು ಬಾರದಂತೆ ಒತ್ತಿ ಮುಚ್ಚಿರುತ್ತಾರೆ. ನಟ್ಟೇ ಕಾಣದಿದ್ದರೆ ಗುದ್ದಾಡಬೇಡಿ, ಇಡೀ ವಾಲ್ವ್ ಬದಲಾಯಿಸಿ.

ಏನು ನೋಡಬೇಕು

ಸ್ಪಿಂಡಲ್ ಕೈಗೆ ಬಂತು. ತುದಿಯ ವಾಷರ್ ಮೇಲೆ ಬೆಳಕು ಬಿಟ್ಟು ನೋಡಿ. ತೆಳುವಾದ, ಪೂರ್ತಿ ದುಂಡಗಿನ ಗುರುತಿದ್ದರೆ ಅದು ಆರೋಗ್ಯದ ಲಕ್ಷಣ. ಗುರುತು ಕಾಲುವೆಯಷ್ಟು ಆಳ ಇದ್ದರೆ, ಒಂದು ಕಡೆ ತುಂಡಾಗಿದ್ದರೆ, ಅಥವಾ ರಬ್ಬರ್ ಉಗುರು ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗಿದ್ದರೆ ಅದರ ಕಾಲ ಮುಗಿದಿದೆ. ಓ-ರಿಂಗ್ ಅಡ್ಡಕ್ಕೆ ದುಂಡಗಿರಬೇಕು. ಹಳೆಯದು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ.

ಈಗ ವಾಲ್ವ್ ಒಳಗೆ ಟಾರ್ಚ್ ಬಿಡಿ. ಸೀಟಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆಯೇ? ಅದು ಗಡಸು ನೀರಿನ ಸುಣ್ಣ. ನೀರು ಬಿಸಿಯಾದಷ್ಟೂ ಈ ಸುಣ್ಣ ಜಾಸ್ತಿ ಬಿಟ್ಟುಕೊಳ್ಳುತ್ತದೆ. ಅದರ ಒಂದೇ ಒಂದು ಕಣ ವಾಷರ್ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡರೂ ಹನಿ ಶುರು. ಕೆಲವೊಮ್ಮೆ ವಾಷರ್ ಚೆನ್ನಾಗಿಯೇ ಇರುತ್ತದೆ, ತಪ್ಪೆಲ್ಲ ಆ ಕಣದ್ದು.

ಸುಣ್ಣ ತೆಗೆಯಲು ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಸಣ್ಣ ಚಮಚ ಸಿಟ್ರಿಕ್ ಆ್ಯಸಿಡ್ ಹಾಕಿ. ಬಿಚ್ಚಿದ ಲೋಹದ ಭಾಗಗಳನ್ನು ಹದಿನೈದು ನಿಮಿಷ ನೆನೆಸಿ, ಹಳೆಯ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಹೊಳೆಯುತ್ತದೆ ಎಂಬ ಆಸೆ ಬೇಡ. ಆ್ಯಸಿಡ್ ಹಿತ್ತಾಳೆಯೊಳಗಿನ ಸತುವನ್ನೂ ತಿನ್ನುತ್ತದೆ, ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೆಷಿನ್‌ನಲ್ಲೇ ಉಳಿದ ಸೀಟಿಗೆ ಅದೇ ನೀರಿನಲ್ಲಿ ಅದ್ದಿದ ಹತ್ತಿಕಡ್ಡಿ ಸಾಕು. ಆಮೇಲೆ ಬರೀ ನೀರಿನ ಹತ್ತಿಕಡ್ಡಿಯಿಂದ ಒರೆಸಿ. ಸೀಟಿಗೆ ಉಕ್ಕಿನ ಸೂಜಿ, ಮರಳು ಕಾಗದ ಯಾವುದೂ ತಾಗಬಾರದು. ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಯಾವ ಹೊಸ ವಾಷರೂ ಅದನ್ನು ಮುಚ್ಚಲಾರದು. ಗೀರು ಈಗಾಗಲೇ ಇದ್ದರೆ ವಾಲ್ವೇ ಬದಲಾಗಬೇಕು.

ಹೊಸ ವಾಷರ್, ಹೊಸ ರಿಂಗ್

ಮೆಷಿನ್ ಮಾದರಿಯ ಹೆಸರು ಹೇಳಿ ಬಿಡಿಭಾಗ ತರಿಸುವುದು ಸುಲಭದ ದಾರಿ. ಅಳತೆ ನೋಡಿ ತರುವುದಾದರೆ ಒಳ ವ್ಯಾಸ ಮತ್ತು ದಪ್ಪ, ಎರಡೂ ಮಿಲಿಮೀಟರ್‌ನಲ್ಲಿ ಬೇಕು. ಹಳೆಯ ರಿಂಗ್ ಹಿಗ್ಗಿ ಚಪ್ಪಟೆಯಾಗಿರುವುದರಿಂದ ಅದರ ಅಳತೆ ಮೋಸ ಮಾಡುತ್ತದೆ. ಅದು ಕೂರುವ ತೋಡನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ತಾಳೆ ನೋಡಿ.

ಅಳತೆಗಿಂತ ಜನ ಜಾಸ್ತಿ ಎಡವುವುದು ರಬ್ಬರಿನ ಜಾತಿಯಲ್ಲಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಕಪ್ಪು ರಿಂಗ್ ಹೆಚ್ಚಾಗಿ ನೈಟ್ರೈಲ್. ಅದು 100 ಡಿಗ್ರಿಯ ಸುಮಾರಿನಲ್ಲೇ ಸೋತು ಗಟ್ಟಿಯಾಗತೊಡಗುತ್ತದೆ. ಹಬೆಗೆ ಬೇಕಾದ್ದು ಇಪಿಡಿಎಂ ಎಂಬ ರಬ್ಬರ್, ಅದು 150 ಡಿಗ್ರಿಯ ಹಬೆಯನ್ನೂ ತಾಳುತ್ತದೆ. ಎರಡೂ ಕಪ್ಪೇ. ನೋಡಿ ಗುರುತಿಸಲು ಆಗುವುದಿಲ್ಲ, ಕೇಳಿಯೇ ತರಬೇಕು. ವೈಟಾನ್ ಎಂಬ ಇನ್ನೊಂದು ರಬ್ಬರ್ ದುಬಾರಿ, ಬಿಸಿಗೂ ಗಟ್ಟಿ. ಆದರೆ ಮಾಮೂಲಿ ವೈಟಾನ್ ಹಬೆಗೆ ಇಪಿಡಿಎಂನಷ್ಟು ಬಾಳುವುದಿಲ್ಲ. ದುಬಾರಿಯಾದ್ದೇ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಳೆಯ ರಿಂಗನ್ನು ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಹೊಸದಕ್ಕೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ಅನ್ನು ಹೊಳಪು ಬರುವಷ್ಟು ಮಾತ್ರ ಸವರಿ. ವ್ಯಾಸಲೀನ್ ಹಚ್ಚಬೇಡಿ. ಅದು ಪೆಟ್ರೋಲಿಯಂ ಜಾತಿ, ಇಪಿಡಿಎಂ ಅದನ್ನು ಹೀರಿ ಊದಿಕೊಳ್ಳುತ್ತದೆ. ಅಡುಗೆ ಎಣ್ಣೆಯೂ ಬೇಡ, ಬಿಸಿಗೆ ಅಂಟಾಗುತ್ತದೆ. ರಿಂಗ್ ಏರಿಸುವಾಗ ಸ್ಪಿಂಡಲ್‌ನ ಮರೆಗಳ (ಸ್ಕ್ರೂನಲ್ಲಿರುವಂಥ ಸುತ್ತು ಗೆರೆಗಳ) ಮೇಲೆ ಹಾದುಹೋಗಬೇಕಾದರೆ ಒಂದು ಚೂರು ಕಾಗದ ಸುತ್ತಿ ಅದರ ಮೇಲೆ ಜಾರಿಸಿ. ಮರೆಯ ಅಂಚು ಹೊಸ ರಿಂಗನ್ನು ಬ್ಲೇಡಿನಂತೆ ಕೊಯ್ಯುತ್ತದೆ, ಕೊಯ್ದದ್ದು ಕಾಣುವುದೂ ಇಲ್ಲ. ಕೊನೆಗೆ ರಿಂಗ್ ಎಲ್ಲೂ ತಿರುಚಿಕೊಂಡಿಲ್ಲ ಎಂದು ಬೆರಳಾಡಿಸಿ ನೋಡಿ.

ಹೊಸ ವಾಷರ್ ಬರಲು ದಿನ ಹಿಡಿಯುತ್ತದೆಯೇ? ಎರಡೂ ಕಡೆ ಚಪ್ಪಟೆ ಇರುವ ವಾಷರ್ ಆದರೆ ತಿರುಗಿಸಿ ಹಾಕಿ. ಅಲ್ಲಿಯವರೆಗೆ ನಡೆಯುತ್ತದೆ.

ಜೋಡಿಸಿ, ಕಾದು ನೋಡಿ

ಸ್ಪಿಂಡಲನ್ನು ತೆರೆದ ಸ್ಥಿತಿಯಲ್ಲೇ ಒಳಗೆ ಕೂರಿಸಿ. ನಟ್‌ನ ಮೊದಲ ಎರಡು ಮೂರು ಸುತ್ತು ಕೈಯಿಂದಲೇ ಆಗಲಿ. ಕೈಗೆ ತಿರುಗದಿದ್ದರೆ ಮರೆ ಓರೆಯಾಗಿ ಕಚ್ಚಿದೆ, ಬಿಚ್ಚಿ ಮತ್ತೆ ಹಾಕಿ. ಕೊನೆಯಲ್ಲಿ ಮತ್ತೆ ಎರಡು ಸ್ಪ್ಯಾನರ್, ಮಿತವಾದ ಬಲ. ವಾಷರ್ ಇರುವ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವ ಅಗತ್ಯವಿಲ್ಲ. ಅದರ ಚೂರು ಒಳಗೆ ಹೋದರೆ ಹಬೆಯ ಸಣ್ಣ ತೂತುಗಳನ್ನು ಕಟ್ಟಿಬಿಡುತ್ತದೆ.

ಪರೀಕ್ಷೆ ಮೊದಲು ತಣ್ಣೀರಿನಲ್ಲಿ. ಅದಕ್ಕೂ ಮುಂಚೆ ಅರ್ಥಿಂಗ್ ವೈರ್ ಸಿಕ್ಕಿಸಿ, ಮುಚ್ಚಳ ಹಾಕಿ, ಟ್ಯಾಂಕ್ ಇಡಿ. ಮುಚ್ಚಳ ತೆರೆದಿಟ್ಟು ಪ್ಲಗ್ ಹಾಕುವ ಸಾಹಸ ಬೇಡ. ಒಂದೇ ಬಾಯ್ಲರಿನ ಮೆಷಿನ್ ಆದರೆ ಸ್ಟೀಮ್ ವಾಲ್ವ್ ತೆರೆದು, ಪೈಪಿನಿಂದ ನೀರು ಬರುವವರೆಗೆ ಪಂಪ್ ಓಡಿಸಿ. ಬಾಯ್ಲರ್ ತುಂಬಿದೆ ಎಂದು ಖಾತ್ರಿಯಾಗುತ್ತದೆ. ಆಮೇಲೆ ಮುಚ್ಚಿ, ಕಾಫಿ ಇಳಿಸುವ ಹಾಗೆ ಪಂಪ್ ಹಾಕಿ ಪೈಪಿನ ತುದಿ ನೋಡಿ. ಒಣಗಿದ್ದರೆ ಬಿಸಿ ಮಾಡಿ. ಒತ್ತಡ ಏರಿದ ಮೇಲೆ ನಾಬ್ ಹಿಂದೆ, ಕೀಲಿನ ಬಳಿ, ತುದಿಯಲ್ಲಿ ಇಕ್ಕಳದ ಟಿಶ್ಯೂ ಮುಟ್ಟಿಸಿ ನೋಡಿ. ಒಂದೆರಡು ಸಲ ಹಬೆಯನ್ನು ಖಾಲಿ ಜಗ್‌ಗೆ ಬಿಟ್ಟು, ಗ್ರೀಸಿನ ವಾಸನೆ ಹೋದ ಮೇಲೆ ಹಾಲು ಇಡಿ. ಎಲ್ಲಾದರೂ ತೇವ ಕಂಡರೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಸ್ಪ್ಯಾನರ್ ಮುಟ್ಟಿ.

ಇನ್ನು ಮುಂದೆ ನಾಬ್ ಮುಚ್ಚಲು ಎರಡೇ ಬೆರಳು ಬಳಸಿ. ಹಬೆ ನಿಂತ ಜಾಗದಲ್ಲಿ ನಿಲ್ಲಿಸಿ. ಮೆಷಿನ್ ತಣ್ಣಗಾಗುತ್ತಾ ಲೋಹ ಸ್ವಲ್ಪ ಕುಗ್ಗುತ್ತದೆ, ಬಿಸಿಯಲ್ಲಿ ಬಿಗಿದ ನಾಬ್ ಬೆಳಿಗ್ಗೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಹಾಲು ಕಾಯಿಸಿದ ಕೂಡಲೇ ಪೈಪ್ ಒರೆಸಿ ಒಂದು ಸಲ ಹಬೆ ಬಿಡಿ. ತೆಗೆದ ಹಳೆಯ ವಾಷರನ್ನು ಅಳತೆ ಬರೆದ ಚೀಟಿಯ ಜೊತೆ ಒಂದು ಪೊಟ್ಟಣದಲ್ಲಿ ಹಾಕಿ, ಮೆಷಿನ್ ಕಾಗದಗಳ ಪಕ್ಕ ಇಟ್ಟುಬಿಡಿ.