ಮುಟ್ಟಿನ ತಾರೀಖಿನ ಪಕ್ಕ ಇನ್ನೊಂದು ಸಾಲು

ಹಲ್ಲು ನೋವಿಗೆ ಐದು ದಿನ ಆಂಟಿಬಯೋಟಿಕ್ ತಗೊಂಡಿದ್ದೆ. ಅದಾಗಿ ಒಂದು ವಾರಕ್ಕೆ, ಮುಟ್ಟಿಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ, ಕೂತಲ್ಲಿ ಕೂರಲಾಗದ ತುರಿಕೆ ಶುರುವಾಯಿತು. ಒಳಉಡುಪಿನ ಮೇಲೆ ಒಡೆದ ಹಾಲಿನ ಗಡ್ಡೆಯಂಥ ಬಿಳಿ ಚೂರುಗಳು. ಕೆಟ್ಟ ವಾಸನೆ ಇರಲಿಲ್ಲ, ಉರಿ ಮಾತ್ರ ಜಾಸ್ತಿ. ಅಮ್ಮ "ಉಷ್ಣ ಕಣೇ, ಎಳನೀರು ಕುಡಿ" ಅಂದರು. ಕುಡಿದೆ. ಸೋಪು ಹಾಕಿ ಒಳಗೂ ತೊಳೆದೆ, ಅದರಿಂದ ಉರಿ ಇನ್ನೂ ಹೆಚ್ಚಾಯಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಹತ್ತಿಕಡ್ಡಿಯಲ್ಲಿ ಸ್ವಲ್ಪ ತೆಗೆದು ನೋಡಿ ಕ್ಯಾಂಡಿಡಾ ಅಂದರು, ಅದೊಂದು ಫಂಗಸ್. ಯೋನಿಯಲ್ಲಿ ಹುಳಿ ಅಂಶ ಕಾಪಾಡುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವಂತೆ, ಆಂಟಿಬಯೋಟಿಕ್ ಅವನ್ನೂ ಕೊಂದಾಗ ಫಂಗಸ್ ಬೆಳೆಯುತ್ತದೆ. ಆರು ರಾತ್ರಿ ಒಳಗಿಡಲು ಕ್ಲೋಟ್ರಿಮಜೋಲ್ ಅನ್ನುವ ಫಂಗಸ್ ಮಾತ್ರೆ ಕೊಟ್ಟರು, ಶುಗರ್ ಟೆಸ್ಟ್ ಮಾಡಿಸಿದರು, ಸೋಪು ಬಿಡಿಸಿದರು. ಆಮೇಲೆ "ನಿಮಗೆ ಬಿಳಿ ಸೆರಗು ಮಾಮೂಲಿ ಹೇಗೆ ಹೋಗುತ್ತೆ?" ಅಂತ ಕೇಳಿದರು. ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಮುಟ್ಟಾಗುತ್ತಿದ್ದೇನೆ, ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಅವತ್ತಿನಿಂದ ಮುಟ್ಟಿನ ತಾರೀಖಿನ ಪಕ್ಕ ದಿನಕ್ಕೊಂದು ಸಾಲು ಬರೆದೆ. ಬಣ್ಣ, ವಾಸನೆ, ತುರಿಕೆ, ಅಷ್ಟೇ. ಮೂರು ತಿಂಗಳಲ್ಲಿ ನನ್ನ ಲೆಕ್ಕ ಸಿಕ್ಕಿತು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣ. ಮುಟ್ಟು ಶುರುವಾದ ದಿನದಿಂದ ಎಣಿಸಿ ಹದಿಮೂರು, ಹದಿನಾಲ್ಕನೇ ದಿನದ ಹೊತ್ತಿಗೆ ದಾಸವಾಳದ ಎಲೆ ಹಿಸುಕಿದಾಗ ಬರುವ ಲೋಳೆಯ ಹಾಗೆ, ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ದಾರದಂತೆ ಬರುತ್ತದೆ. ಅಂಡಾಣು ಬಿಡುಗಡೆಯಾಗುವ ಸಮಯ ಅದು. ಆಮೇಲೆ ಮತ್ತೆ ಗಟ್ಟಿ, ಬಿಳಿ. ಇದರಲ್ಲಿ ಕಾಯಿಲೆ ಏನೂ ಇಲ್ಲ. ಬಿಳಿ ಹೋದರೆ ಮೂಳೆ ಸವೆಯುತ್ತದೆ ಅಂತ ಹೆದರಿಸುತ್ತಾರಲ್ವಾ, ಅದು ಸುಳ್ಳು, ದಯವಿಟ್ಟು ನಂಬಬೇಡಿ.

ಮುಂದಿನ ವರ್ಷ ಒಂದು ಸಲ ಮುಟ್ಟು ಮುಗಿದ ಮೂರನೇ ದಿನ, ಒಣ ಇರಬೇಕಾದ ಹೊತ್ತಿನಲ್ಲಿ, ನೀರಾಗಿ ಬೂದು ಬಣ್ಣದ್ದು ಹೋಯಿತು. ಮೀನಿನ ವಾಸನೆ, ತುರಿಕೆ ಇಲ್ಲ. ಉಳಿದಿದ್ದ ಹಳೇ ಮಾತ್ರೆ ಮುಟ್ಟಲಿಲ್ಲ, ನೋಟ್‌ಬುಕ್ ಹಿಡಿದುಕೊಂಡು ಹೋದೆ. ಈ ಸಲ ಬ್ಯಾಕ್ಟೀರಿಯಾದ್ದು. ಮೆಟ್ರೊನಿಡಜೋಲ್ ಬರೆದುಕೊಟ್ಟು, "ಆ ಹಳೇ ಮಾತ್ರೆ ಇದಕ್ಕೆ ಕೆಲಸವೇ ಮಾಡ್ತಿರಲಿಲ್ಲ" ಅಂದರು.