ಬಿಎಸ್ಸಿ ಮಕ್ಕಳಿಗೆ ಇಂಗ್ಲಿಷ್ ಹತ್ತಿದ್ದು ಲ್ಯಾಬ್‌ನಲ್ಲಿ

ತಾಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಶುರುಮಾಡಿ ಹತ್ತಿರ ಹತ್ತಿರ ಒಂಬತ್ತು ವರ್ಷವಾಯಿತು. ಅತಿಥಿ ಉಪನ್ಯಾಸಕ. ಸಂಬಳದ ಕಥೆ ಈ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಹೆಸರು ಹಾಕದೆ ಚೀಟಿ ಬರೆದು ಕೊಡಿ ಅಂದೆ. ನಲವತ್ತು ಚಿಲ್ಲರೆ ಮಕ್ಕಳು. ಮುಕ್ಕಾಲು ಪಾಲು ‘ಇಂಗ್ಲಿಷ್ ಬೇಕೇ ಬೇಕು’ ಅಂತ ಬರೆದಿದ್ದರು. ಅವರಲ್ಲೇ ಎಷ್ಟೋ ಜನ ಕೆಳಗೆ ಸೇರಿಸಿದ್ದರು: ‘ಇಂಗ್ಲಿಷ್ ಕ್ಲಾಸ್ ಬೇಡ, ಆ ಟೈಮಲ್ಲಿ ಲ್ಯಾಬ್ ರೆಕಾರ್ಡ್ ಬರ್ಕೋತೀವಿ.’ ಒಬ್ಬರದು ಹೀಗಿತ್ತು: ‘ಎಸ್ಸೆಸ್ಸೆಲ್ಸಿವರೆಗೆ ಕ್ಲಾಸಿಗೇ ಫಸ್ಟ್. ಪಿಯುಸಿಯಲ್ಲಿ ಜಡತ್ವ ಹೋಗಿ ಇನರ್ಷಿಯಾ ಬಂತು. ಅವತ್ತಿಂದ ಹಿಂದಿನ ಬೆಂಚು.’ ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಲಾಸಿನಲ್ಲಿ ಕನ್ನಡ ಬಂದ್ ಅಂದೆ. ಮಕ್ಕಳ ಬಾಯಿಯೇ ಬಂದ್ ಆಯಿತು. ಬೆಂಗಳೂರಿನ ಅವೆನ್ಯೂ ರೋಡಿನಿಂದ ಹಳೇ ಡಿಕ್ಷನರಿ ಹತ್ತು ಹನ್ನೆರಡು ತಂದೆ, ಸಾವಿರದ ಐನೂರರ ಮೇಲಾಯಿತು, ನನ್ನ ಕೈಯಿಂದ. ಅವನ್ನು ಪೂರ್ತಿ ಓದಿದ್ದು ಗೆದ್ದಲು ಮಾತ್ರ. ಸ್ಪೋಕನ್ ಇಂಗ್ಲಿಷ್‌ನವರೊಬ್ಬರನ್ನು ಕರೆಸಿದೆ, ಮೂರು ಸಾವಿರ. ಎರಡು ಗಂಟೆ ಕಾನ್ಫಿಡೆನ್ಸ್ ಬಗ್ಗೆ ಮಾತಾಡಿ, ಊಟ ಮಾಡಿಕೊಂಡು ಹೋದರು.

ದಾರಿ ಸಿಕ್ಕಿದ್ದು ಕೆಮಿಸ್ಟ್ರಿ ಲ್ಯಾಬ್ ಬಾಗಿಲಲ್ಲಿ ಸುಮ್ನೆ ನಿಂತಿದ್ದಾಗ. ಹುಡುಗನೊಬ್ಬ ಹೇಳುತ್ತಿದ್ದ: ‘ಲೋ, ಬ್ಯೂರೆಟ್‌ಗೆ ಸೊಲ್ಯೂಷನ್ ಸುರಿಯೋ, ಫನಲ್ ತೆಗಿ, ಏರ್ ಬಬಲ್ ಹೋಗ್ಲಿ, ಆಮೇಲೆ ರೀಡಿಂಗ್ ಬರ್ಕೋ.’ ಹೆಸರೆಲ್ಲ ಇಂಗ್ಲಿಷ್, ಕೆಲಸವೆಲ್ಲ ಕನ್ನಡ! ಅಂದರೆ ಇವರಿಗೆ ಇಂಗ್ಲಿಷಿನಲ್ಲಿ ಇಲ್ಲದ್ದು ಸುರಿ, ತೆಗಿ, ಕಾಯಿಸು, ಅಲ್ಲಾಡಿಸು, ಚೆಲ್ಲು ಇಷ್ಟೇ. ಅಂಥ ಅರವತ್ತು ಮಾತು ಪಟ್ಟಿ ಮಾಡಿದೆ.

ಹತ್ತು ರೂಪಾಯಿಯ ಪಾಕೆಟ್ ನೋಟ್‌ಬುಕ್ ನಲವತ್ತೈದು ತಂದೆ. ಲ್ಯಾಬಿನ ಕೊನೆಯ ಹತ್ತು ನಿಮಿಷ ನನಗೆ. ಅವತ್ತು ಮಾಡಿದ್ದನ್ನು ಮೊದಲು ಪಕ್ಕದವನಿಗೆ ಕನ್ನಡದಲ್ಲಿ ಹೇಳಬೇಕು, ಆಮೇಲೆ ಎಂಟು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಪುಟಕ್ಕೆ ಒಂದೇ ತಪ್ಪು ತಿದ್ದುತ್ತೇನೆ. ಯಾವ ತಪ್ಪು ಅಂತ ಆರಿಸುವುದರಲ್ಲೇ ಮಜಾ ಇರುವುದು, ಅದನ್ನು ಇಲ್ಲಿ ಹೇಳಲ್ಲ. ಕೆಮಿಸ್ಟ್ರಿ ಮೇಡಂ ‘ರೆಕಾರ್ಡಿಗೇ ಟೈಮಿಲ್ಲ ಸರ್’ ಅಂದರು. ನಮ್ಮ ವಿಭಾಗದವರೋ, ‘ಇದು ಇಂಗ್ಲಿಷ್ ಪಾಠವೇ ಅಲ್ಲ’ ಅಂದುಬಿಟ್ಟರು.

ಮೊದಲ ತಿಂಗಳು ಅವರೇ ಗೆದ್ದರು. ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ನೋಡಿ ಅಚ್ಚುಕಟ್ಟಾಗಿ ಇಳಿಸಿದ್ದರು. ಆಗ ಒಂದು ಷರತ್ತು ಹಾಕಿದೆ: ಇವತ್ತು ಕೆಟ್ಟದ್ದೇನು ಅನ್ನೋದು ಬರಲೇಬೇಕು. ಕೆಟ್ಟದ್ದನ್ನು ಕಾಪಿ ಹೊಡೆಯೋಕಾಗಲ್ಲ, ಅಲ್ವಾ? ಮಾರನೇ ವಾರ ಪರ್ಮಾಂಗನೇಟ್ ಟೈಟ್ರೇಷನ್. ಒಬ್ಬ ಆಕ್ಸಾಲಿಕ್ ಆಸಿಡ್ ಬಿಸಿ ಮಾಡುವುದನ್ನೇ ಮರೆತಿದ್ದ. ಬಿಸಿ ಇಲ್ಲದಿದ್ದರೆ ಪರ್ಮಾಂಗನೇಟಿನ ಗುಲಾಬಿ ಬಣ್ಣ ಬೇಗ ಮಾಯವಾಗಲ್ಲ. ಬರೆದಿದ್ದ: ‘ಐ ಫರ್ಗೆಟ್ ಹೀಟಿಂಗ್. ಪಿಂಕ್ ನಾಟ್ ಗೋಯಿಂಗ್. ಐ ಫಿಯರ್.’ ವ್ಯಾಕರಣ ಬಿಡಿ. ಬಣ್ಣ ಯಾಕೆ ಹೋಗಲಿಲ್ಲ ಅಂತ ಹುಡುಗನಿಗೆ ಗೊತ್ತಾಗಿದೆ. ಮೇಡಂ ಓದಿ ನಕ್ಕರು. ಅವತ್ತಿಂದ ಹತ್ತು ನಿಮಿಷ ಹದಿನೈದಾಯಿತು.

ಪ್ಯಾಸಿವ್ ವಾಯ್ಸ್‌ಗೆ ವರ್ಷಗಟ್ಟಲೆ ಒದ್ದಾಡಿದ್ದೆ. ಒಂದು ದಿನ ‘ಪೇಪರಲ್ಲಿ ಉದ್ಘಾಟಿಸಲಾಯಿತು ಅಂತ ಹಾಕ್ತಾರಲ್ಲ, ಮಾಡಿದವನ ಹೆಸರು ಹೇಳದೆ, ಅದೇ ಇದು’ ಅಂದೆ. ಹದಿನೈದು ನಿಮಿಷದಲ್ಲಿ ಮುಗಿಯಿತು.

ನಡುವೆ ಇನ್ನೊಂದು ಹುಚ್ಚು. ಮನೆಯಿಂದ ಕೀಟನಾಶಕದ ಡಬ್ಬಿ ಜೊತೆ ಬರುವ ಚೀಟಿ ತನ್ನಿ ಅಂದೆ. ಹಲವು ಭಾಷೆ ಒಟ್ಟಿಗೇ ಇರುತ್ತದೆ, ಕನ್ನಡ–ಇಂಗ್ಲಿಷ್ ಪಕ್ಕಪಕ್ಕ ಇಟ್ಟು ಓದಬಹುದು. ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಯಾವ ವಿಷ ಎಷ್ಟು ಜೋರು ಅಂತ ಹೇಳುತ್ತದೆ. ಒಬ್ಬಳು ಅದನ್ನು ಅಪ್ಪನಿಗೆ ವಿವರಿಸಿದಳಂತೆ. ಇಂಗ್ಲಿಷ್ ಎಷ್ಟು ಬಂತೋ ಗೊತ್ತಿಲ್ಲ, ಅಪ್ಪ ಕೈಗವಸು ತಂದರಂತೆ.

ಎರಡನೇ ವರ್ಷದ ಹೊತ್ತಿಗೆ ಮೂವತ್ತು ಜನರಾದರೂ ಕೇಳದೆಯೇ ಒಂದು ಪುಟ ಬರೆಯುತ್ತಿದ್ದರು. ಸೆಮಿನಾರಿನಲ್ಲಿ ಹತ್ತು ಮಂದಿ ನಿಂತು ಮಾತಾಡಿದರು. ನಾಲ್ಕೈದು ಜನ ಈಗಲೂ ಬಾಯಿ ಬಿಡಲ್ಲ. ಪರೀಕ್ಷೆ ಮಾರ್ಕ್ಸ್ ಅಂಥದ್ದೇನೂ ಏರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಕ್ಲಾಸಿನಲ್ಲಿ ರೆಕಾರ್ಡ್ ಬರೆಯುವುದು ನಿಂತಿದೆ.

ಈ ವರ್ಷ ನೋಟ್‌ಬುಕ್ ಖರ್ಚು ಕೆಮಿಸ್ಟ್ರಿ ವಿಭಾಗದವರೇ ಕೊಟ್ಟರು. ಜೊತೆಗೆ ಆ ಅರವತ್ತರ ಪಟ್ಟಿಯನ್ನೂ ಕೇಳಿದರು. ಹುಡುಕಿ ಕೊಡ್ತೀನಿ ಮೇಡಂ ಅಂದಿದ್ದೇನೆ. ಇನ್ನೂ ಹುಡುಕುತ್ತಿದ್ದೇನೆ.